ಮೆತ್ತನೆಯ ಪಟ್ಟು

“ಇನ್ನು ಮೇಲೆ ನನ್ನ ಮೈ ಮುಟ್ಟಿದವನು ಆಸ್ಪತ್ರೆಯಲ್ಲೇ ಕಣ್ಣು ಬಿಡಬೇಕು!” ಮುಳ್ಳಣ್ಣ ಊಟದ ಮೇಜು ಗುದ್ದಿ ಘೋಷಿಸಿದ. ಗುದ್ದಿದ ಕೈಯನ್ನು ಮರುಕ್ಷಣವೇ ಉಫ್ ಉಫ್ ಎಂದು ಊದಿಕೊಂಡ.

ಮುಳ್ಳಣ್ಣ ಗಡಿಯಾರ ರಿಪೇರಿಯವನು. ದಿನವಿಡೀ ಮುಳ್ಳು ಕೂಡಿಸುವವನಿಗೆ ಪೇಟೆಯವರು ಇಟ್ಟ ಹೆಸರದು. ಬೀದಿಯಲ್ಲಿ ಬ್ಯಾಗ್ ಕಸಿಯುವವರ ಕಾಟ ಶುರುವಾಗಿತ್ತು. ಪಕ್ಕದಂಗಡಿಯ ದರ್ಜಿ ಆಗಲೇ ಒಂದು ಬ್ಯಾಗ್ ಕಳೆದುಕೊಂಡಿದ್ದ. ಮುಳ್ಳಣ್ಣನ ಬ್ಯಾಗಿನಲ್ಲೋ, ಗಿರಾಕಿಗಳ ಅಜ್ಜ ಮುತ್ತಜ್ಜಂದಿರ ಕೈಗಡಿಯಾರಗಳು! ಅವು ಹೋದರೆ ಮಾನವೂ ಹೋದಂತೆ.

“ಕರಾಟೆ ಸೇರ್ತೀರಾ?” ಎಂದಳು ಹೆಂಡತಿ.

“ಛೆ! ಹೆಂಚು ಒಡೆದ ಕೈಯಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯೋಕಾಗುತ್ತಾ? ನನಗೆ ಬೇಕಾಗಿರೋದು ಮೃದುವಾದ ಕಲೆ. ಎದುರಾಳಿಯ ಬಲದಿಂದಲೇ ಅವನನ್ನ ಕೆಡವೋದು!”

“ಅಂದ್ರೆ ದುಡಿಮೆ ಅವನದು, ಹೆಸರು ನಿಮ್ಮದು. ನಿಮಗೆ ಹೇಳಿ ಮಾಡಿಸಿದ ಹಾಗಿದೆ ಬಿಡಿ!”

ಮೊದಲು ಆಮೆವೇಗದಲ್ಲಿ ಕೈಕಾಲು ಆಡಿಸುವ ತೈ ಚಿ ನೋಡಿದ. ಕಳ್ಳ ಬ್ಯಾಗ್ ಕಿತ್ತು, ಮನೆಗೆ ಹೋಗಿ, ಉಂಡು ಮಲಗಿದ ಮೇಲೆ ಏಟು ತಲುಪೀತು ಎಂದು ಎದ್ದು ಬಂದ. ಜೂಡೊದಲ್ಲಿ ಜೊತೆಗಾರನಾಗಿ ಸಿಕ್ಕವನು ಗೋದಾಮಿನ ಹಮಾಲಿ. ಅವನು ಒಮ್ಮೆ ಅಪ್ಪಿ ಹಿಡಿದದ್ದೇ ತಡ, ಮುಳ್ಳಣ್ಣನಿಗೆ ತೀರಿಹೋದ ಹಿರಿಯರೆಲ್ಲ ಸಾಲಾಗಿ ಕಂಡರು! ಕೊನೆಗೆ ಐಕಿಡೊ. ಕಲಿಸುವವರು ಸಣಕಲು ಅಜ್ಜಿ. “ಅವನು ಎಳೆದರೆ ನೀವು ಎಳೀಬೇಡಿ. ಜೊತೆಗೇ ಹೋಗಿ, ತಿರುಗಿ, ಮಲಗಿಸಿ” ಎಂದು, ಮಾತು ಮುಗಿಯುವುದರೊಳಗೆ ಹಮಾಲಿಗಿಂತ ದಪ್ಪಗಿದ್ದವನೊಬ್ಬನನ್ನು ಮಲಗಿಸಿದರು. ಮುಳ್ಳಣ್ಣ ಅಲ್ಲೇ ಶರಣಾದ.

ಮನೆ ರಣರಂಗವಾಯಿತು. “ಮಣಿಕಟ್ಟು ಹಿಡಿ!” ಎಂದ. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ಸೋಪಿನ ಕೈಯಲ್ಲೇ ಹಿಡಿದಳು. ಈತ ಗರಗರ ತಿರುಗಿದ, ಹಿಡಿತ ಜಾರಿತು. ಬುಗುರಿಯಂತೆ ಹೋಗಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಬಿದ್ದು, ಅತ್ತೆಯ ಲಂಗದೊಳಗೆ ತಲೆ ಸಿಕ್ಕಿಸಿಕೊಂಡ.

“ಅಳಿಯಂದಿರೇ, ಅದನ್ನ ಈಗ ತಾನೇ ಒಗೆದದ್ದು!” ಎಂದರು ಅತ್ತೆ.

“ಬೀಳೋದೂ ಒಂದು ಕಲೆ ಅತ್ತೆ!” ಲಂಗದೊಳಗಿಂದಲೇ ಉತ್ತರ ಬಂತು, ಠೀವಿಯಿಂದ.

ಆ ಶುಭ ಸಂಜೆಯೂ ಬಂತು. ಅಂಗಡಿ ಮುಚ್ಚಿ ಹೆಂಡತಿಯೊಡನೆ ಹೊರಟಿದ್ದಾಗ ಯಾರೋ ಹಿಂದಿನಿಂದ ಬ್ಯಾಗಿಗೆ ಕೈ ಹಾಕಿ ಬಲವೆಲ್ಲ ಹಾಕಿ ಎಳೆದ. ಮುಳ್ಳಣ್ಣ ಎದುರಿಸಲಿಲ್ಲ. ಜೊತೆಗೇ ಹೋದ, ತಿರುಗಿದ, ಬಿಟ್ಟ. ತನ್ನದೇ ರಭಸಕ್ಕೆ ಕಳ್ಳ ಬ್ಯಾಗನ್ನು ಅಪ್ಪಿಕೊಂಡೇ ಅಂಗಾತ ಬಿದ್ದ! ಬೀದಿಯೇ ಚಪ್ಪಾಳೆ ತಟ್ಟಿತು. ಮುಳ್ಳಣ್ಣನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ಕಲಿಸಿದ ಶಿಸ್ತಿನಂತೆ ಕಣ್ಣು ಮುಚ್ಚಿ, ಸೊಂಟ ಬಾಗಿಸಿ, ಎದುರಾಳಿಗೆ ವಂದಿಸಿದ.

ಕಣ್ಣು ಬಿಟ್ಟಾಗ ಎದುರಾಳಿಯೂ ಇಲ್ಲ, ಬ್ಯಾಗೂ ಇಲ್ಲ! ತಿರುಗಿದರೆ, ತುಸು ದೂರದಲ್ಲಿ ಹೆಂಡತಿ ಕಳ್ಳನ ಕಂಕುಳಿಗೆ ಒಂದು ಕೈ, ಕಾಲರಿಗೆ ಇನ್ನೊಂದು ಕೈ ಕೊಟ್ಟು ನೆಲದಿಂದ ಎತ್ತಿ ಹಿಡಿದಿದ್ದಾಳೆ. ಬ್ಯಾಗ್ ಅವಳ ಹೆಗಲಲ್ಲಿ.

ಓಡಿ ಬಂದ ಪೊಲೀಸಪ್ಪ ಬೆರಗಾದ. “ಅಬ್ಬಾ! ಎಂಥಾ ಪಟ್ಟು ತಾಯಿ! ಎಲ್ಲಿ ಕಲಿತ್ರಿ?”

“ಮನೇಲೇ ಸಾರ್. ಮದುವೆಯಾದಾಗಿನಿಂದ ದಿನಾ ಬೆಳಗ್ಗೆ ಇವರನ್ನ ಹಾಸಿಗೆಯಿಂದ ಎಬ್ಬಿಸ್ತಿರೋದು ನಾನೇ!”