ಮೂಗು ನೆಟ್ಟಗಾದ ಮೇಲೆ ಕನ್ನಡಕ ಎಲ್ಲಿಡುವುದು?

"ಇವನ ತಲಿನೂ ನೆಟ್ಟಗಾಗೂದಿಲ್ಲ, ಮೂಗೂ ನೆಟ್ಟಗಾಗೂದಿಲ್ಲ" ಎಂದು ನನ್ನ ಬಗ್ಗೆ ಮೊದಲು ಸಾರಿದವರು ಹುಕ್ಕೇರಿಯ ಸೋದರಮಾವ. ನಾನಾಗ ಹತ್ತನೆಯ ತರಗತಿಯಲ್ಲಿ ನಪಾಸಾಗಿದ್ದೆ. ತಲೆಯ ಮಾತನ್ನು ಸುಳ್ಳು ಮಾಡಲು ಹದಿನೇಳು ವರ್ಷ ಹಿಡಿಯಿತು. ಮುದಲಗಿಯ ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ಸೀರೆ ಬಿಚ್ಚಿ ಮಡಚಿ, ಗಿರಾಕಿ ಇಲ್ಲದಾಗ ಥಾನುಗಳ ಮರೆಯಲ್ಲಿ ಪುಸ್ತಕ ಹಿಡಿದು, ನಮ್ಮ ಮನೆತನದಲ್ಲೇ ಮೊದಲಿಗನಾಗಿ ಬಿ.ಎ. ಪಾಸಾದೆ. ಇದನ್ನು ಕೇಳದವರಿಗೂ ಹೇಳುತ್ತೇನೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಪದವಿ ಪತ್ರ ಕೊಡುವ ದಿನ ಮಾವನನ್ನು ಕರೆದು, ಅವರ ಮಾತಿನ ಉಳಿದರ್ಧವನ್ನೂ ಅಂದೇ ಸುಳ್ಳು ಮಾಡಬೇಕೆಂಬ ಹಟ ಹುಟ್ಟಿತು. ಅಂದಿನ ಫೋಟೊ ಗೋಡೆಯ ಮೇಲೆ ಕೂರುವಂಥದ್ದು. ಅಪ್ಪನಿಂದ ಬಂದ, ಬಲಕ್ಕೆ ತಿರುಗಿದ ಈ ಮೂಗು ಅದರಲ್ಲಿ ಬೇಡ. ಮೂರು ವಾರ ಮೊದಲು ಬೆಳಗಾವಿಗೆ ಹೋಗಿ ಕೊಯ್ಯಿಸಿಕೊಂಡು ಬಂದೆ.

ಡಾಕ್ಟರು ಎಲ್ಲವನ್ನೂ ಮೊದಲೇ ಹೇಳಿದ್ದರು. ಪದವೀಧರನಾದ ನಾನು ಕೇಳಿಸಿಕೊಂಡದ್ದು ಒಂದೇ: ವಾರದಲ್ಲಿ ಪಟ್ಟಿ ತೆಗೆಯುತ್ತಾರೆ. ಬಾವು ಪೂರ್ತಿ ಇಳಿಯಲು ವರ್ಷವೇ ಬೇಕಾದೀತು ಎಂದದ್ದು ಕಿವಿಗೆ ಬೀಳಲೇ ಇಲ್ಲ. ಬಾಯಲ್ಲಿ ಉಸಿರಾಟ, ತಲೆ ಎತ್ತರಕ್ಕಿಟ್ಟು ನಿದ್ದೆ, ಮೂಗು ಸುರಿದರೂ ಹಿಂಡುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಕಣ್ಣ ಸುತ್ತ ಯಾರೋ ಗುದ್ದಿದಂತೆ ಕಪ್ಪು. ಗೋಕಾಕದ ಗೆಳೆಯರು ಕರದಂಟು ತಂದರು. ನಾನು ಅಗಿಯುವಂತಿಲ್ಲ ಎಂದು ತಿಳಿದು, "ಪಾಪ" ಎನ್ನುತ್ತ ನನ್ನೆದುರೇ ತಿಂದು ಮುಗಿಸಿದರು.

ಇದೆಲ್ಲ ಸಹಿಸಬಹುದು. ಕನ್ನಡಕದ ಗೋಳು ಮಾತ್ರ ಯಾರಿಗೂ ಬೇಡ. ಹಲವು ವಾರ ಮೂಗಿನ ಮೇಲೆ ಭಾರ ಕೂಡದು, ಕನ್ನಡಕವನ್ನು ಹಣೆಗೆ ಟೇಪು ಹಚ್ಚಿ ತೂಗುಬಿಡಿ ಎಂದಿದ್ದರು. ನಮ್ಮಲ್ಲಿ ಹಣೆ ವಿಭೂತಿಯ ಜಾಗ. ಸ್ನಾನವಾದೊಡನೆ ಅವ್ವ ಮೂರು ಬೆರಳು ಎಳೆದೇಬಿಡುತ್ತಾಳೆ. ವಿಭೂತಿಯ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ದಿನಕ್ಕೆ ನಾಲ್ಕು ಸಲ ಕನ್ನಡಕ ಜಾರಿ ಹೊಸ ಮೂಗಿನ ಮೇಲೇ ಬೀಳುತ್ತಿತ್ತು.

"ಯವ್ವಾ, ನಾಕು ವಾರ ಬಿಡಬೇ."

"ಮೂಗಂತೂ ಹೋತು. ಹಣಿನೂ ಖಾಲಿ ಬಿಡಂತಿಯೇನು?"

ಸಮಾರಂಭದ ದಿನವಂತೂ ಗಟ್ಟಿಯಾಗಿಯೇ ಎಳೆದಳು. ಗೋಕಾಕದ ಕಾಲೇಜಿನ ಗೇಟಿನಲ್ಲಿ ಕಾದಿದ್ದ ಮಾವ ನನ್ನನ್ನು ದಾಟಿ ಹಿಂದೆ ಹುಡುಕುತ್ತಿದ್ದರು. "ಮಾಮಾ, ನಾನರಿ" ಎಂದೆ. ಅವರು ಅವ್ವನ ಮುಖ ನೋಡಿದರು. ಅವ್ವ ಆಕಾಶ ನೋಡಿದಳು.

ಹೆಸರು ಕರೆದರು. ಹದಿನೇಳು ವರ್ಷದ ಮೆಟ್ಟಿಲು ಹತ್ತಿದೆ. ಪ್ರಿನ್ಸಿಪಾಲರು ಪತ್ರ ಚಾಚಿದರು. ನಾನು ಬಾಗಿದೆ, ಟೇಪು ಬಿಟ್ಟಿತು. ಕನ್ನಡಕ ಮೂಗಿಗೆ ಬಡಿದು, ನೆಲಕ್ಕೆ ಬಿದ್ದು, ನನ್ನದೇ ಬೂಟಿನಡಿ ಪುಡಿಯಾಯಿತು. ಅದೇ ಹೊತ್ತಿಗೆ ಫೋಟೊ ಹೊಡೆದರು. ಬಾಯಿ ತೆರೆದು, ನೀರು ತುಂಬಿದ ಕಣ್ಣಲ್ಲಿ, ಬದನೆಕಾಯಿಯಂಥ ಮೂಗು ಹೊತ್ತ ಯಾರೋ ಒಬ್ಬ ಅದರಲ್ಲಿದ್ದಾನೆ.

ಕೆಳಗಿಳಿದೆ. ಕನ್ನಡಕವಿಲ್ಲದ ನನಗೆ ಕೈಯಲ್ಲಿದ್ದದ್ದು ಬರೀ ಬಿಳಿ ಹಾಳೆ. ಅವ್ವನಿಗೆ ಓದು ಬಾರದು. ನನ್ನನ್ನು ಬಿಟ್ಟರೆ ನಮ್ಮಲ್ಲಿ ಅಕ್ಷರ ಬಲ್ಲವರೆಂದರೆ ಏಳನೆಯವರೆಗೆ ಕಲಿತ ಮಾವ ಒಬ್ಬರೇ. ಅವರ ಕೈಗೇ ಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು, ಅಪ್ಪನ ಹೆಸರು ಓದಿದರು. ಮತ್ತೊಮ್ಮೆ ಪತ್ರ ನೋಡಿ, ನನ್ನ ಮುಖ ನೋಡಿದರು.

"ಹೆಸರೇನೋ ನಿಂದ ಐತಿ, ತಮ್ಮಾ. ಮಾರಿ ಯಾರದು?"