ಕಡೇ ಸಾಲಿನ ದೂರು

ಮಠದಲ್ಲಿ ಕಡೇ ಸಾಲಿಗೆ ಕೂತವರಿಗೆ ಪುರಾಣದ ಪ್ರತಿ ಮಾತೂ ಎರಡು ಸಲ ಕೇಳಿಸುತ್ತದೆ ಎಂದು ಬೆಳಿಗ್ಗೆ ದೂರು ಬಂತು. ಕೊಟ್ಟವಳು ಮುದುಕಿ ಸಾಬಮ್ಮ.

"ಸಂಜೀ ತನಕ ಸರಿ ಆಗ್ಲಿಲ್ಲಂದ್ರ ನಾಳಿಂದ ಚಿತ್ತಾಪುರದ ಪುರಾಣಿಕರ್ನ ಕರಸ್ತೀವಿ ನೋಡಪಾ," ಎಂದರು ಮಠದ ಹಿರಿಯ ನಾಮದೇವ.

ಈ ಮಾತು ಪುರಾಣ ಹೇಳುವ ಅಂಬರಾಯನಿಗೆ. ಐದು ಶ್ರಾವಣ ಅದೇ ಪೀಠದ ಮೇಲೆ ಕೂತು, ಪುಸ್ತಕ ತೆರೆಯದೆ, ಕಣ್ಣು ಮುಚ್ಚಿ ಪದ್ಯ ಹೇಳಿದವನು. ನಡುನಡುವೆ ಅವನ ದನಿ ಬಾವಿಗಿಳಿದ ಕೊಡದಂತೆ ಆಳಕ್ಕಿಳಿದು ಗುಂಯ್‌ಗುಡುತ್ತಿತ್ತು. ಜನ ಅದನ್ನು ಭಕ್ತಿ ಎನ್ನುತ್ತಿದ್ದರು.

"ತಪ್ಪು ನಂದಲ್ಲ, ಸ್ಪೀಕರಿಂದು!" ಎಂದು ಮೈಕಿನ ಹಾಜಿಸಾಬನನ್ನು ಎಳೆದು ತಂದ.

ಪೀಠದ ಬಳಿ ಒಂದು ಸ್ಪೀಕರ್, ಕಟ್ಟಕಡೆಗೆ ಇನ್ನೊಂದು. ಹಾಜಿಸಾಬ ಗಡ್ಡ ಕೆರೆದ. "ಹಿಂದಿಂದು ವೈರಿನಾಗ ಝಟ್ ಅಂತ ಬರ್ತದ್ರಿ. ಮುಂದಿಂದು ಗಾಳ್ಯಾಗ ನಡಕೋತ ಬರ್ತದ. ಅದಕ್ಕೇ ಎರಡು."

"ಹಂಗಾರ ವೈರ್ ಉದ್ದ ಮಾಡ್ರಿ! ಕರೆಂಟು ಸುತ್ತಾಡಿ ದಣದು ಬರ್ಲಿ," ಎಂದು ನೆರೆಮನೆಯ ಚಂದ್ರಾಮ ತನ್ನ ಬೋರಿನ ವೈರಿನ ಸುರುಳಿಯನ್ನೇ ಹೊತ್ತು ತಂದ. ಮಧ್ಯಾಹ್ನದವರೆಗೆ ಕಂಬಕಂಬಕ್ಕೂ ವೈರು ಸುತ್ತಿದರು. ಅಂಬರಾಯ ಎರಡು ಸಲ ಎಡವಿ ಬಿದ್ದ. ಮಾತು ಮಾತ್ರ ಬೀಗರಂತೆ ಜೋಡಿಯಾಗಿಯೇ ಬಂತು.

ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಲಸದ ದಿಲೀಪ ಬಾಗಿಲಲ್ಲೇ ನಿಂತು ನಕ್ಕ. "ಮೊದಲ ಬರೋ ಗಾಡೀನ ಹೊರಗ ತಡೀರಿ. ಇನ್ನೊಂದು ಬಂದಾಗ ಕೂಡೇ ಬಿಡ್ರಿ."

"ಅದನ್ನೇ ಹೇಳಾಕತ್ತಿದ್ದೆ, ನೀವೆಲ್ಲಿ ಹೇಳಾಕ ಬಿಟ್ರಿ?" ಎಂದ ಹಾಜಿಸಾಬ. ಎರಡು ಸ್ಪೀಕರಿನ ನಡುವೆ ನೆಲದ ಎರಡಡಿಯ ಫರಸಿ ಕಲ್ಲುಗಳನ್ನು ಎಣಿಸಿದರು. ನಲವತ್ತೈದು. ತೊಂಬತ್ತು ಅಡಿ. ಹಾಜಿಸಾಬ ಮೈಕಿನ ಪೆಟ್ಟಿಗೆಯಲ್ಲಿ ಹಿಂದಿನ ಸ್ಪೀಕರನ್ನು, ದನಿ ಗಾಳಿಯಲ್ಲಿ ಅಷ್ಟು ದೂರ ನಡೆದು ಬರಲು ಬೇಕಾದ ಎಂಬತ್ತು ಮಿಲಿಸೆಕೆಂಡು ತಡೆದ.

ಸಂಜೆ ಅಂಬರಾಯ ಶುರುಮಾಡಿದ. ಒಂದೊಂದು ಅಕ್ಷರವೂ ತೊಳೆದಿಟ್ಟ ಜೋಳದ ಕಾಳಿನಂತೆ ಬಂತು. ಮೊದಲ ಪದ್ಯ ಮುಗಿಯುತ್ತಲೇ ಸಾಬಮ್ಮ ಎದ್ದು ನಿಂತಳು.

"ತಮ್ಮಾ, ಸ್ಪೀಕರ್ ಭಾಳ ಛಲೋ ಆಗ್ಯಾದ. ಮೂರನೇ ಸಾಲು ಎಲ್ಲಿ ಹೋಯ್ತೋ? ಅಲ್ಲಿ ಗುಂಯ್ ಅಂದಿ. ಐದು ವರ್ಷ ಸುಮ್ಮ ಸ್ಪೀಕರಿಗೆ ಬೈದ್ನಲ್ಲೋ ಯಪ್ಪಾ!"

ಮೈಕಿಲ್ಲದೆ, ನಿಂತಲ್ಲೇ, ಮುದುಕಿ ನಾಲ್ಕೂ ಸಾಲು ಹೇಳಿದಳು.

"ಚಿತ್ತಾಪುರದವರು ಬ್ಯಾಡ," ಎಂದರು ನಾಮದೇವ. "ಯವ್ವಾ, ನೀವೇ ಮ್ಯಾಲ ಬಂದು ಕುಂದ್ರಿ."

ಅಂಬರಾಯ ಪೀಠದಿಂದಿಳಿದು, ಸಾಬಮ್ಮ ಬಿಟ್ಟ ಜಾಗದಲ್ಲಿ ಕಡೇ ಸಾಲಿಗೆ ಹೋಗಿ ಕೂತ. ಪ್ರತಿ ಮಾತೂ ಒಂದೇ ಸಲ ಕೇಳಿಸಿತು. ಮುಂದಿನ ಪದ್ಯದ ಮೂರನೇ ಸಾಲನ್ನೂ ಐದು ವರ್ಷದಲ್ಲಿ ಮೊದಲ ಸಲ ಕೇಳಿದ.

ಚೆನ್ನಾಗಿಯೇ ಇತ್ತು.