ಹಸಿರು ಬೆಳಕಿನ ಎಲೆಗಳು

ಸ್ವಂತ ಹೆಂಡತಿಯೇ ಎದ್ದು ಹೋಗುವಂಥ ಸಂಗೀತ ಮಾಡುವ ಗಂಡಸರ ಸಂಘವೊಂದಿದ್ದರೆ ಅದರ ಅಧ್ಯಕ್ಷಗಿರಿ ನನಗೇ ಸಲ್ಲಬೇಕು. ನನ್ನ ಹೆಂಡತಿ ಲಿಲ್ಲಿಯ ಅಣ್ಣ ದುಬಾಯಿಯಿಂದ ತಂದುಕೊಟ್ಟ ಸಿಂಥಸೈಸರಿನಲ್ಲಿ ನಾನು ಹಾಡು ನುಡಿಸುತ್ತಿರಲಿಲ್ಲ. ಗುಂಯ್, ಸೊಂಯ್, ಆಮೇಲೊಂದು ದೀರ್ಘ ಮೌನ, ಮತ್ತೆ ಗುಂಯ್. ಪರ್ಕಳದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಅದನ್ನು ಹಚ್ಚಿದರೆ ಲಿಲ್ಲಿ ಮಿಕ್ಸಿ ಹಚ್ಚುತ್ತಿದ್ದಳು. ಎರಡೂ ಸೇರಿದರೆ ಇನ್ನೂ ಚೆನ್ನಾಗಿದೆ ಎಂದು ಒಮ್ಮೆ ಹೇಳಿ ಬೈಸಿಕೊಂಡೆ.

ಕೊನೆಗೆ ಅವಳು ತೀರ್ಪು ಕೊಟ್ಟಳು: "ನೋಡಿ ಮಾರಾಯ್ರೆ, ಹೊರಗಿನವರು ಒಬ್ಬರಾದರೂ ಇದನ್ನು ಕೊನೆತನಕ ಕೂತು ಕೇಳಿದರೆ ಮನೆಯಲ್ಲಿ ಇರಲಿ. ಇಲ್ಲದಿದ್ದರೆ ಇಗರ್ಜಿಯ ಗಾಯನ ಮಂಡಳಿಗೆ ಕೊಡುವ. ಅಲ್ಲಿಯಾದರೂ ಉಪಯೋಗ ಉಂಟು."

ಆಗ ಮಣಿಪಾಲದಲ್ಲಿ ಕಟ್ಟಡ ವಿನ್ಯಾಸ ಕಲಿಸುತ್ತಿದ್ದ ಗೆಳೆಯ ಸುಧಾಕರ ದೇವರ ಹಾಗೆ ಬಂದ. ಖಾಲಿ ಗೋದಾಮಿನೊಳಗೆ ಬಿದಿರು, ಬಿಳಿ ಬಟ್ಟೆಗಳಿಂದ ಉದ್ದನೆಯ ಕೋಣೆ ಕಟ್ಟುತ್ತಾನಂತೆ, ಮೇಲಿನಿಂದ ಹಸಿರು ಬೆಳಕು ಬಿಡುತ್ತಾನಂತೆ, ಸುತ್ತಲಿಂದ ನನ್ನ ಸಂಗೀತವಂತೆ. "ಜನ ಬೆಳಕಿನಲ್ಲಿ ನಡೆಯಬೇಕು, ಶಬ್ದದಲ್ಲಿ ಮುಳುಗಬೇಕು ಮಾರಾಯ!" ಎಂದ. ಮುಳುಗುವುದು ಯಾರೆಂಬ ಬಗ್ಗೆ ಲಿಲ್ಲಿಗೆ ಅನುಮಾನವಿರಲಿಲ್ಲ.

ಪ್ರದರ್ಶನದ ಸಂಜೆ ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನೆಲದ ಮೇಲೆ ಎರಡು ಸಾಲಾಗಿ, ಬಾಳೆಲೆಯಷ್ಟೇ ಅಗಲದ ಹಸಿರು ಬೆಳಕಿನ ತುಂಡುಗಳು. ಹಿರಿಯರೊಬ್ಬರು ಒಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಪಕ್ಕದಲ್ಲಿ ಅವರ ಮನೆಯವರು. ನೋಡನೋಡುತ್ತ ಎರಡೂ ಪಂಕ್ತಿ ತುಂಬಿತು! ಉಡುಪಿ ಕಡೆಯವರು, ಪಾಪ, ಅಂಥ ಸಾಲು ಕಂಡರೆ ಬೇರೆ ಎಂತ ಮಾಡಲಿಕ್ಕೆ ಉಂಟು? ಸುಧಾಕರ ತಲೆಯ ಮೇಲೆ ಕೈಹೊತ್ತು ನಿಂತ. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ದೀರ್ಘ ಮೌನದಲ್ಲಿ ಅಳುಕುತ್ತ ಕಣ್ಣು ತೆರೆದರೆ ಒಬ್ಬರೂ ಎದ್ದಿಲ್ಲ. ಎಲ್ಲರೂ ಬಾಗಿಲ ಕಡೆ ಭಕ್ತಿಯಿಂದ ನೋಡುತ್ತಿದ್ದಾರೆ. ಕೊನೆಯ ಗುಂಯ್ ಮುಗಿದಾಗ ನನಗೆ ಅಳುವೇ ಬಂತು.

ಅಷ್ಟರಲ್ಲಿ ಲಿಲ್ಲಿ ದೊಡ್ಡ ಪಾತ್ರೆ ಹಿಡಿದು ಬಂದಳು. ಪಕ್ಕದ ಅಂಗಡಿಯಿಂದ ಅವಲಕ್ಕಿ ತಂದು ಬೆಲ್ಲ, ಕಾಯಿತುರಿ ಹಾಕಿ ಕಲಸಿದ್ದಳು. ಬಾಳೆಲೆಯ ತುಂಡುಗಳನ್ನು ಹಾಕಿ ಬಡಿಸತೊಡಗಿದಳು.

"ನಿಮ್ಮ ಮನೆಯವರು ಮೆಲ್ಲಗೆ ಬಂದು ಹೇಳಿದ್ರು," ಎಂದರು ಆ ಹಿರಿಯರು, "ಏಳಬೇಡಿ, ಇದು ಮುಗಿದ ಕೂಡಲೇ ಬಡಿಸ್ತೇವೆ ಅಂತ. ಇಲ್ಲದಿದ್ದರೆ ನಾವು ಆಗಲೇ ಹೋಗ್ತಿದ್ದೆವು."

ಮನೆಗೆ ಬಂದು, "ಹಾಗಾದರೆ ಸಿಂಥಸೈಸರು ಇಗರ್ಜಿಗೇ ಹೋಗುವುದಲ್ವಾ?" ಎಂದೆ.

"ಕೊನೆತನಕ ಕೂತರಲ್ಲ? ಮಾತು ಅಂದರೆ ಮಾತು," ಎಂದಳು, ಪಾತ್ರೆ ತೊಳೆಯುತ್ತ.

ಅವಳ ಮೇಲೆ ಅಂದು ಉಕ್ಕಿದಷ್ಟು ಪ್ರೀತಿ ಮದುವೆಯ ದಿನವೂ ಉಕ್ಕಿರಲಿಲ್ಲ. ಆ ಸಂತೋಷಕ್ಕೆ ಅವಳಿಗಾಗಿಯೇ ಹೊಸದೊಂದನ್ನು ನುಡಿಸೋಣವೆಂದು ಕೂತೆ. ಮೊದಲ ಗುಂಯ್ ಮುಗಿಯುವ ಮೊದಲೇ ಒಳಗೆ ಮಿಕ್ಸಿ ಶುರುವಾಯಿತು.